ನಿಂತಾಗ ಕಾಯ್ತೈತೋ, ಓಡುವಾಗಲೋ?

ಕಾರಿನ ಎಂಜಿನ್ ಬಿಸಿಯಾಗುತ್ತಿದೆ ಎಂದು ಗ್ಯಾರೇಜಿಗೆ ಹೋದರೆ ಮೊದಲು ಕೈಗೆ ಸಿಗುವುದು ಬಿಡಿಭಾಗಗಳ ಪಟ್ಟಿ. ಥರ್ಮೋಸ್ಟಾಟ್ ಬದಲಿಸೋಣ, ವಾಟರ್ ಪಂಪ್ ಹಾಕೋಣ, ಹಳೇ ಗಾಡಿ ನೋಡಿ, ರೇಡಿಯೇಟರೂ ಹೊಸದಿರಲಿ. ಒಂದೊಂದಾಗಿ ಬದಲಿಸುತ್ತಾ ಹೋದರೆ ಯಾವುದೋ ಒಂದು ತಾಗುತ್ತದೆ ನಿಜ, ಅಷ್ಟರಲ್ಲಿ ಜೇಬು ಖಾಲಿ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹೀಗೆ ಮಾಡಿದರೆ ಮ್ಯಾನೇಜರ್ ಕೇಳುವುದು ಒಂದೇ ಪ್ರಶ್ನೆ: ಲಾಗ್ ನೋಡಿದಿರಾ? ಕಾರಿಗೂ ಒಂದು ಲಾಗ್ ಇದೆ. ಎಲ್ಲಿ, ಯಾವಾಗ ಬಿಸಿಯಾಯಿತು ಎಂಬುದೇ ಅದು.

ಕಳೆದ ಬೇಸಿಗೆಯಲ್ಲಿ ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ಇದರ ಅನುಭವವಾಯಿತು. ಗುಲ್‌ಟೇಕಡಿಯ ಈ ಸಗಟು ಮಾರುಕಟ್ಟೆಯ ಸುತ್ತ ಬೆಳಗಿನ ಹೊತ್ತು ಓಡಾಡಿದವರಿಗೆ ಗೊತ್ತು: ಈರುಳ್ಳಿ ಲಾರಿ, ತರಕಾರಿ ಟೆಂಪೊ, ಹೂವಿನ ರಿಕ್ಷಾ, ನಡುವೆ ತಲೆಮೇಲೆ ಮೂಟೆ ಹೊತ್ತ ಹಮಾಲರು. ಗೇಟಿನ ಹತ್ತಿರ ಸುಮಾರು ಇಪ್ಪತ್ತು ನಿಮಿಷ ಸಿಕ್ಕಿಹಾಕಿಕೊಂಡಿದ್ದೆ. ಮೊದಲು ಏಸಿಯ ತಂಪು ಕಡಿಮೆಯಾಯಿತು. ಆಮೇಲೆ ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೇರತೊಡಗಿತು. ಕಾರನ್ನು ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿದೆ.

ಮೊದಲು ತೋರಿಸಿದ ಗ್ಯಾರೇಜಿನವರು ಪಂಪು, ಥರ್ಮೋಸ್ಟಾಟ್ ಎರಡನ್ನೂ ಬರೆದುಕೊಟ್ಟರು. ಅಲ್ಲಿಂದ ಎರಡು ಗಲ್ಲಿ ಆಚೆ ಇಂಡಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಬಾನೆಟ್ ಎತ್ತುವ ಮುಂಚೆಯೇ ಕೇಳಿದರು: "ಗಾಡಿ ನಿಂತಾಗ ಕಾಯ್ತೈತೇನ್ರಿ ಸರ, ಓಡೂಮುಂದ ಕಾಯ್ತೈತ್ರಿ?"

ಅರ್ಧ ರೋಗ ಈ ಪ್ರಶ್ನೆಯಲ್ಲೇ ಪತ್ತೆಯಾಗುತ್ತದೆ. ಎಂಜಿನ್‌ನ ಶಾಖವನ್ನು ಕೂಲಂಟ್ ಹೊತ್ತು ತರುತ್ತದೆ, ಪಂಪ್ ಅದನ್ನು ಸುತ್ತಿಸುತ್ತದೆ, ರೇಡಿಯೇಟರಿನಲ್ಲಿ ಗಾಳಿ ತಣಿಸುತ್ತದೆ. ಕಾರು ಓಡುವಾಗ ಗಾಳಿ ತಾನಾಗಿ ಒಳನುಗ್ಗುತ್ತದೆ. ನಿಂತಾಗ ಫ್ಯಾನೇ ಗತಿ. ಟ್ರಾಫಿಕ್‌ನಲ್ಲಿ ಏರಿದ ಮುಳ್ಳು ಸಾತಾರಾ ರಸ್ತೆಗೆ ಬಂದು ವೇಗ ಹಿಡಿದಾಗ ಇಳಿಯುತ್ತಿದ್ದರೆ ಮೊದಲ ಅನುಮಾನ ಫ್ಯಾನಿನ ಮೇಲೆ.

ಅವರು ಎಂಜಿನ್ ಚಾಲೂ ಮಾಡಿ ಏಸಿ ಹಾಕಿದರು. ಬಹುತೇಕ ಕಾರುಗಳಲ್ಲಿ ಆಗ ಫ್ಯಾನ್ ತಿರುಗಬೇಕು. ತಿರುಗಲಿಲ್ಲ. ಫ್ಯೂಸ್ ಸರಿಯಿತ್ತು. ಫ್ಯಾನ್ ರಿಲೇ ಕಿತ್ತು, ಅದೇ ನಂಬರಿನ ಹಾರ್ನ್ ರಿಲೇಯನ್ನು ಅದರ ಜಾಗದಲ್ಲಿ ಕೂರಿಸಿದರು. ಫ್ಯಾನ್ ಗುಂಯ್ ಎಂದಿತು. ಕೆಲವು ನೂರು ರೂಪಾಯಿಯ ರಿಲೇಯಲ್ಲಿ ಕೆಲಸ ಮುಗಿಯಿತು. ಆಮೇಲೆ ಟಾರ್ಚ್ ಬಿಟ್ಟು ಏಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದು ತೋರಿಸಿದರು. ಧೂಳು, ಗೋಣಿಯ ನಾರು, ಈರುಳ್ಳಿ ಸಿಪ್ಪೆ! ಗಾಳಿ ಹೋಗುವ ದಾರಿಯೇ ಕಟ್ಟಿಕೊಂಡಿತ್ತು. ಎಂಜಿನ್ ತಣ್ಣಗಾದ ಮೇಲೆ ಮೆಲುವಾದ ನೀರಿನಲ್ಲಿ ತೊಳೆದರು. ಜೋರು ಪ್ರೆಷರ್ ಬಿಟ್ಟರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಲಕ್ಷಣ ತಿರುವುಮುರುವಾಗಿದ್ದರೆ, ಅಂದರೆ ಊರೊಳಗೆ ಸರಿಯಿದ್ದು ಹೈವೇ ವೇಗದಲ್ಲಿ ಅಥವಾ ಖಂಬಾಟ್ಕಿ ಘಾಟ್ ಏರುವಾಗ ಬಿಸಿಯಾದರೆ, ಫ್ಯಾನನ್ನು ಬಿಟ್ಟುಬಿಡಿ. ಕೂಲಂಟ್ ಕಡಿಮೆಯಿರಬಹುದು, ರೇಡಿಯೇಟರ್ ಒಳಗೆ ಪಾಚಿಗಟ್ಟಿದಂತೆ ಕಟ್ಟಿರಬಹುದು, ಪಂಪ್ ಸೋತಿರಬಹುದು. ಚಾಲೂ ಮಾಡಿದ ಕೆಲವೇ ನಿಮಿಷದಲ್ಲಿ ಮುಳ್ಳು ಏರಿ, ರೇಡಿಯೇಟರ್ ಮಾತ್ರ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇರಬಹುದು. ಎಲ್ಲೂ ಸೋರದೆ ಕೂಲಂಟ್ ಇಳಿಯುತ್ತಿದ್ದರೆ, ಎಂಜಿನ್ ಬಿಸಿಯೇರಿದ ಮೇಲೂ ಹೊಗೆಕೊಳವೆಯಿಂದ ಬಿಳಿ ಹೊಗೆ ಬರುತ್ತಲೇ ಇದ್ದರೆ, ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸೂಚನೆ. ಅಂಥ ಗಾಡಿಯನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಅಸಲಿಗೆ ಭಯಪಡಬೇಕಾದದ್ದು ಇದಕ್ಕೇ. ರಿಲೇ ಕೆಟ್ಟರೆ ನೂರುಗಳ ಲೆಕ್ಕ. "ಇನ್ನೇನು ಎರಡೇ ಕಿಲೋಮೀಟರ್, ಮನೆ ಬಂತು" ಎಂದು ಓಡಿಸಿದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಿ ಲೆಕ್ಕ ಹತ್ತಾರು ಸಾವಿರಕ್ಕೆ ಹೋಗುತ್ತದೆ.

ದಾರಿಯಲ್ಲಿ ಬಿಸಿಯಾದರೆ ಏಸಿ ಆರಿಸಿ. ತಕ್ಷಣ ನಿಲ್ಲಿಸಲು ಜಾಗವಿಲ್ಲದಿದ್ದರೆ ಹೀಟರನ್ನು ಪೂರ್ತಿ ಹಾಕಿ ಕಿಟಕಿ ಇಳಿಸಿ. ಎಂಜಿನ್‌ನ ಒಂದಿಷ್ಟು ಶಾಖ ಒಳಗೆ ಬಂದು ಬೆವರಿಳಿಯುತ್ತದೆ, ಆದರೆ ಎಂಜಿನ್ ಉಳಿಯುತ್ತದೆ. ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಆರಿಸಿ, ಕನಿಷ್ಠ ಅರ್ಧ ಗಂಟೆ ಬಿಡಿ. ಬಿಸಿಯಿರುವಾಗ ಕ್ಯಾಪ್ ಮಾತ್ರ ಮುಟ್ಟಬೇಡಿ. ಒಳಗೆ ಕುಕ್ಕರಿನಂತೆಯೇ ಒತ್ತಡ ಇರುತ್ತದೆ, ಅದಕ್ಕೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕ್ಯಾಪ್ ತೆರೆದ ಕ್ಷಣ ಒತ್ತಡ ಇಳಿದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರುಕು ಬಿಡಬಹುದು.

ಈಗಿನ ಎಷ್ಟೋ ಕಾರುಗಳಲ್ಲಿ ಮುಳ್ಳೇ ಇಲ್ಲ, ಬರೀ ಕೆಂಪು ದೀಪ. ಅದು ಹೊತ್ತಿದಾಗಲೇ ತಡವಾಗಿರುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗಷ್ಟೇ ಏಸಿ ಬಿಸಿಗಾಳಿ ಊದಿದರೆ ಅದನ್ನೇ ಮುನ್ಸೂಚನೆ ಎಂದುಕೊಳ್ಳಿ.

ಗಣೇಶ ಹಬ್ಬಕ್ಕೆ, ದೀಪಾವಳಿಗೆ ಊರಿಗೆ ಹೊರಡುವವರು ಹಿಂದಿನ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಐದು ನಿಮಿಷ ತೆಗೆದಿಡಿ. ಕೂಲಂಟ್ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ? ಕಡಿಮೆಯಿದ್ದರೆ ಬೋರ್‌ವೆಲ್ ನೀರು ಹೊಯ್ಯಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಮ್ಯಾನುಯಲ್ ಹೇಳಿದ ಕೂಲಂಟೇ ಹಾಕಿ. ಹೋಸ್‌ಗಳು ಉಬ್ಬಿವೆಯೇ, ಬಿರಿದಿವೆಯೇ? ಎಂಜಿನ್ ಚಾಲೂ ಮಾಡಿ ಏಸಿ ಹಾಕಿದಾಗ ಫ್ಯಾನ್ ತಿರುಗುತ್ತಿದೆಯೇ? ಇಷ್ಟು ನೋಡಿದ ಮೇಲೆ ಡಿಕ್ಕಿಯಲ್ಲಿ ಬುತ್ತಿ ಇಡಿ.