ಕರುವಿನ ಹೆಗಲಿಗೆ ನೊಗವೆ?

2004ರ ಡಿಸೆಂಬರಿನಲ್ಲಿ ಬಾಜೀ ಡಾಟ್ ಕಾಮ್ ಎಂಬ ಜಾಲತಾಣದ ಮುಖ್ಯಾಧಿಕಾರಿಯನ್ನು ದೆಹಲಿಯ ಪೊಲೀಸರು ಬಂಧಿಸಿದರು. ಆತನು ತಾನಾಗಿ ಏನನ್ನೂ ಮಾರಿರಲಿಲ್ಲ. ಆತನ ತಾಣದಲ್ಲಿ ಬೇರೊಬ್ಬನು ಅಶ್ಲೀಲ ದೃಶ್ಯತುಣುಕೊಂದನ್ನು ಮಾರಾಟಕ್ಕೆ ಇಟ್ಟಿದ್ದನು. ಸಂತೆಯ ಮೂಲೆಯಲ್ಲಿ ಯಾವನೋ ಕಳ್ಳಮಾಲಿನ ಗಂಟು ಬಿಚ್ಚಿದರೆ ಸಂತೆ ಕಟ್ಟಿದವನನ್ನು ಹಿಡಿದೊಯ್ಯುವ ಈ ಕ್ರಮದ ಅನೌಚಿತ್ಯವನ್ನು ಅರಿತು, ಸಂಸತ್ತು 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮನ್ನು ತಿದ್ದಿ ಇಂತಹ ಮಧ್ಯವರ್ತಿಗಿದ್ದ ರಕ್ಷಣೆಯನ್ನು ಹಿಗ್ಗಿಸಿತು. ಆ ಅಧಿಕಾರಿಯ ಮೇಲಿನ ಮೊಕದ್ದಮೆಯು ಸುಪ್ರೀಂ ಕೋರ್ಟಿನಲ್ಲಿ ರದ್ದಾದದ್ದಾದರೋ 2012ರಲ್ಲಿ. ದೊಡ್ಡ ಸಂಸ್ಥೆಗೆ ಇಂತಹ ಏಳೆಂಟು ವರ್ಷಗಳು ಬರಿಯ ಖರ್ಚಿನ ಬಾಬ್ತು. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ನಾಲ್ವರು ತರುಣರು ಕಟ್ಟಿದ ಉದ್ಯಮಕ್ಕೆ ಅವು ಮರಣವೇ ಸರಿ.

ಆದಕಾರಣ ಕಾನೂನು ಹೊರಿಸುವ ಭಾರವು ಹೊರುವವನ ಬಲಕ್ಕೆ ಅನುಗುಣವಾಗಿರತಕ್ಕದ್ದು. ಈ ವಿವೇಕ ನಮ್ಮಲ್ಲಿ ಇಲ್ಲದಿಲ್ಲ: ಅದೇ ಕಾಯಿದೆಯಡಿಯ 2021ರ ನಿಯಮಗಳು ಅನುಪಾಲನಾಧಿಕಾರಿಯೇ ಮೊದಲಾದವರನ್ನು ನೇಮಿಸುವ ವಿಶೇಷ ಹೊಣೆಯನ್ನು 50 ಲಕ್ಷಕ್ಕೆ ಮೇಲ್ಪಟ್ಟು ಬಳಕೆದಾರರುಳ್ಳ ಸಾಮಾಜಿಕ ಜಾಲತಾಣಗಳಿಗೆ ಮಾತ್ರ ವಿಧಿಸಿದವು. ಆದರೆ ಮರುವರ್ಷವೇ, ಸೈಬರ್ ದಾಳಿಯ ಸುದ್ದಿಯನ್ನು 6 ಗಂಟೆಗಳೊಳಗೆ ತಿಳಿಸಬೇಕೆಂದೂ ದಾಖಲೆಗಳನ್ನು 180 ದಿನ ಕಾದಿಡಬೇಕೆಂದೂ ಹೊರಟ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ ನಿರ್ದೇಶನವು ಸಣ್ಣ ಉದ್ಯಮಗಳಿಗೆ ಕೆಲವು ತಿಂಗಳ ಗಡುವನ್ನು ಕೊಟ್ಟಿತೇ ಹೊರತು ಭಾರವನ್ನು ಇಳಿಸಲಿಲ್ಲ.

2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ ದಂಡವು 250 ಕೋಟಿ ರೂಪಾಯಿಗಳವರೆಗೂ ಏರಬಲ್ಲುದು. ಸ್ಟಾರ್ಟಪ್‌ಗಳಿಗೆ ಕೆಲವು ವಿಧಿಗಳಿಂದ ವಿನಾಯಿತಿ ಕೊಡುವ ಅಧಿಕಾರವೂ ಸರ್ಕಾರಕ್ಕೆ ಅದರಲ್ಲಿಯೇ ಉಂಟು. ಈ ವಿನಾಯಿತಿಯು ಬೇಡಿ ಪಡೆಯುವ ಅನುಗ್ರಹವಾಗದೆ, ಬಳಕೆದಾರರ ಸಂಖ್ಯೆಯನ್ನೂ ವಹಿವಾಟನ್ನೂ ನೋಡಿ ತಾನಾಗಿಯೇ ಸಲ್ಲುವ ಹಕ್ಕಾಗಬೇಕು.

ಸಣ್ಣ ಅಂಗಡಿಯಿಂದ ಸೋರಿದ ಗುಟ್ಟು ದೊಡ್ಡ ಅಂಗಡಿಯಿಂದ ಸೋರಿದುದಕ್ಕಿಂತ ಕಡಿಮೆ ನೋಯಿಸುವುದೆ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದುದೇ. ಜನರ ಮಾಹಿತಿಯನ್ನು ಕಾಯುವ ಧರ್ಮ ಎಲ್ಲರಿಗೂ ಒಂದೇ ಆಗಿರಲಿ. ಅಧಿಕಾರಿಗಳ ನೇಮಕ, ವರದಿ, ಲೆಕ್ಕಪರಿಶೋಧನೆಗಳ ಹೊರೆ ಮಾತ್ರ ಬೆಳವಣಿಗೆಯೊಡನೆ ಬೆಳೆಯಲಿ. ನೆರೆಯವರ ಪೈರನ್ನು ಮೇಯದಂತೆ ರೈತನು ಕರುವನ್ನೂ ಹಗ್ಗದಿಂದ ಕಟ್ಟುತ್ತಾನೆ. ಆದರೆ ಅದರ ಹೆಗಲು ಬಲಿಯುವವರೆಗೆ ನೊಗಕ್ಕೆ ಹೂಡುವುದಿಲ್ಲ.