ಮನೆಯ ಧ್ವನಿಸುರುಳಿಗಳೂ ನಮ್ಮ ಹೊಣೆಯೂ

ಕರಾವಳಿ ಮತ್ತು ಮಲೆನಾಡಿನ ಅನೇಕ ಮನೆಗಳ ಕಪಾಟುಗಳಲ್ಲಿ, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಆಸಕ್ತರು ಸ್ವಂತ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ತಾಳಮದ್ದಲೆಗಳೂ, ರಾಮನವಮಿಯ ಕಚೇರಿಗಳೂ, ಗಮಕವಾಚನಗಳೂ, ಹಿರಿಯ ಹೆಂಗಸರ ಮದುವೆಯ ಹಾಡುಗಳೂ ಕ್ಯಾಸೆಟ್ಟುಗಳಲ್ಲಿ ಇಂದಿಗೂ ಉಳಿದಿವೆ. ಇವುಗಳಲ್ಲಿ ಬಹುಪಾಲು ಎಂದೂ ಮಾರುಕಟ್ಟೆಗೆ ಬಂದವಲ್ಲವಾದಕಾರಣ, ಎರಡನೆಯ ಪ್ರತಿಯೆಂಬುದು ಇವಕ್ಕೆ ಇಲ್ಲ. ಇಂತಹ ಅನಲಾಗ್ ಮುದ್ರಣಗಳನ್ನು ಡಿಜಿಟಲ್ ರೂಪಕ್ಕೆ ತರುವ ಕಾರ್ಯವು, ಮನೆಯ ಕೋಣೆಯೊಂದರಲ್ಲಿ ಕಂಪ್ಯೂಟರನ್ನೂ ಆಡಿಯೋ ಇಂಟರ್‌ಫೇಸನ್ನೂ ಇರಿಸಿಕೊಂಡ ಯಾರ ಕೈಗಾದರೂ ಎಟುಕುವಂತಾಗಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅದು ನಡೆಯುತ್ತಿರುವ ಅವಸರದ ರೀತಿಯನ್ನು ನೋಡಲಾಗಿ, ನಮ್ಮಲ್ಲಿ ಉಪಕರಣಗಳ ಕೊರತೆಗಿಂತ ಶಿಸ್ತಿನ ಕೊರತೆಯೇ ದೊಡ್ಡದೆಂದು ನಾನು ಬಗೆಯುತ್ತೇನೆ.

ಮೊದಲು ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕಾಗಿದೆ. ಡಿಜಿಟಲ್ ಯಂತ್ರವು ನಾದವನ್ನು ತುಂಡರಿಸುತ್ತದೆ, ಎರಡು ಅಳತೆಗಳ ನಡುವೆ ಇದ್ದುದೆಲ್ಲವೂ ಲುಪ್ತವಾಗುತ್ತದೆ, ಗಮಕಗಳ ಜೀವ ಹೋಗುವುದು ಅದರಿಂದಲೇ ಎಂದು ಸಂಗೀತರಸಿಕರು ಹೇಳುವುದುಂಟು. ಹ್ಯಾರಿ ನೈಕ್ವಿಸ್ಟರ 1928ರ ಸಂಶೋಧನೆಯಲ್ಲಿ ಬೀಜರೂಪವಾಗಿದ್ದು, 1949ರಲ್ಲಿ ಕ್ಲಾಡ್ ಶಾನನ್ ಗಣಿತದ ಮೂಲಕ ವಿಶದಪಡಿಸಿದ ಪ್ರಮೇಯವು ಇದಕ್ಕೆ ವಿರುದ್ಧವಾದುದನ್ನೇ ಸಾರುತ್ತದೆ: ತರಂಗವೊಂದರಲ್ಲಿರುವ ಅತ್ಯುನ್ನತ ಆವೃತ್ತಿಯ ಇಮ್ಮಡಿಗಿಂತ ಹೆಚ್ಚು ಸಲ ಅದನ್ನು ಪ್ರತಿ ಸೆಕೆಂಡಿನಲ್ಲೂ ಅಳೆದರೆ, ಆ ಅಳತೆಗಳಿಂದಲೇ ಮೂಲತರಂಗವನ್ನು ಅವಿಚ್ಛಿನ್ನವಾಗಿ ಮರಳಿ ಪಡೆಯಬಹುದು. ಮನುಷ್ಯನ ಶ್ರವಣದ ಎಲ್ಲೆ ಸುಮಾರು 20,000 ಹರ್ಟ್ಜ್. 1982ರಲ್ಲಿ ಬಳಕೆಗೆ ಬಂದ ಸಿಡಿಯು ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಆ ಸಂಖ್ಯೆಗಳನ್ನು ಮತ್ತೆ ನಾದವಾಗಿಸುವ ಪರಿವರ್ತಕದಿಂದ ಹೊರಡುವುದೂ ನಯವಾದ ತರಂಗವೇ. ಪ್ರತಿಯೊಂದು ಬಿಟ್ಟಿಗೆ ಸುಮಾರು 6 ಡೆಸಿಬಲ್ಲಿನಂತೆ 16 ಬಿಟ್ಟುಗಳು 96 ಡೆಸಿಬಲ್ಲುಗಳ ವ್ಯಾಪ್ತಿಯನ್ನು ಕೊಡುವಲ್ಲಿ, ಸಾಧಾರಣ ಕ್ಯಾಸೆಟ್ಟಿನ ವ್ಯಾಪ್ತಿ ಅರುವತ್ತರ ಒಳಗೇ ನಿಲ್ಲುವುದರಿಂದ, ಇಂದಿನ ಮಿತಬೆಲೆಯ ಇಂಟರ್‌ಫೇಸು ಕೂಡ ಈ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಸಮರ್ಥವಾಗಿದೆ.

ಹಾಗಾದರೆ ನಷ್ಟ ಸಂಭವಿಸುವುದೆಲ್ಲಿ? ಬಹುತೇಕವಾಗಿ, ನಾದವು ಸಂಖ್ಯೆಯಾಗುವುದಕ್ಕೆ ಮುಂಚೆಯೇ. ಟೇಪನ್ನು ಓದುವ ಹೆಡ್ಡು ಸುರುಳಿಯ ಓಟಕ್ಕೆ ನೇರ ಲಂಬವಾಗಿ ನಿಲ್ಲದೆ ಕಿಂಚಿತ್ತು ಓರೆಯಾದರೂ ತಾರಸ್ವರಗಳು ಮಂಕಾಗುತ್ತವೆ, ಜಾಗಟೆಯ ಹೊಳಪೂ ಅರ್ಥಧಾರಿಯ ವ್ಯಂಜನಗಳ ಸ್ಫುಟತೆಯೂ ಮರೆಯಾಗುತ್ತವೆ. ಹೀಗೆ ಹೋದುದನ್ನು ಯಾವ ಸಾಫ್ಟ್‌ವೇರೂ ಯಥಾವತ್ತಾಗಿ ಮರಳಿ ಕೊಡಲಾರದು. ಕ್ಯಾಸೆಟ್ಟು ಓಡಬೇಕಾದದ್ದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ. ಸೆಲ್ಲು ಸೊರಗಿದ ಯಂತ್ರದಲ್ಲಿ ನಿಧಾನವಾಗಿ ಮುದ್ರಿತವಾದದ್ದು ಸರಿಯಾದ ಯಂತ್ರದಲ್ಲಿ ವೇಗವಾಗಿ ಓಡುವುದರಿಂದ, ಆರು ಪ್ರತಿಶತದಷ್ಟು ವ್ಯತ್ಯಾಸಕ್ಕೇ ಬಿಳಿ ಎರಡರ ಶ್ರುತಿಯಲ್ಲಿ ಹಾಡಿದ ಭಾಗವತರು ಕಪ್ಪು ಎರಡರ ಶ್ರುತಿಯಲ್ಲಿ ಹಾಡಿದಂತೆ ಕೇಳಿಸಿ, ಮುಂದಿನ ಪೀಳಿಗೆಯ ಅಭ್ಯಾಸಿಯನ್ನು ದಾರಿ ತಪ್ಪಿಸುತ್ತಾರೆ. ಇನ್ನು ಧ್ವನಿಯ ಮಟ್ಟದ ವಿಷಯ: ಟೇಪು ಅತಿಯಾದ ಧ್ವನಿಯನ್ನು ಅಷ್ಟಿಷ್ಟು ಮೆತ್ತಗೆ ತಾಳಿಕೊಳ್ಳುವುದಾದರೆ, ಡಿಜಿಟಲ್ಲಿನಲ್ಲಿ ಸೊನ್ನೆ ಡೆಸಿಬಲ್ಲಿನಿಂದಾಚೆಗೆ ಜಾಗವೇ ಇಲ್ಲ, ಅಲ್ಲಿಗೆ ಮುಟ್ಟಿದ ಚೆಂಡೆಯ ಪೆಟ್ಟು ತಲೆ ಕಡಿದಂತಾಗಿ ಕರ್ಕಶವಾಗುತ್ತದೆ. ಆದುದರಿಂದ 24 ಬಿಟ್ಟುಗಳಲ್ಲಿ ಮುದ್ರಿಸಿ, ಅತ್ಯಂತ ಗಟ್ಟಿಯಾದ ಪೆಟ್ಟಿಗೂ ಹತ್ತು ಹನ್ನೆರಡು ಡೆಸಿಬಲ್ಲುಗಳ ಅವಕಾಶವನ್ನು ಬಿಡತಕ್ಕದ್ದು.

ಇಷ್ಟನ್ನು ಪಾಲಿಸುವ ಬದಲು, ಟೇಪ್ ರೆಕಾರ್ಡರಿನ ಸ್ಪೀಕರಿನೆದುರು ಮೊಬೈಲನ್ನು ಹಿಡಿದು, ಬೀದಿಯ ಸದ್ದನ್ನೂ ಸೇರಿಸಿಕೊಂಡು ಬಂದದ್ದನ್ನು ಕುಗ್ಗಿಸಿ ವಾಟ್ಸಾಪಿನಲ್ಲಿ ಹಂಚಿದ ಮಾತ್ರಕ್ಕೆ ಸಂರಕ್ಷಣೆಯಾಯಿತೆಂದು ತೃಪ್ತಿಪಟ್ಟು, ಮೂಲ ಕ್ಯಾಸೆಟ್ಟನ್ನು ರದ್ದಿಗೆ ಹಾಕುವವರಿದ್ದಾರೆ. ಟೇಪಿನ ಹಿಸ್ಸೆನ್ನುವ ಸದ್ದನ್ನು ಅಳಿಸುವ ಉತ್ಸಾಹದಲ್ಲಿ ತಂಬೂರಿಯ ಸೂಕ್ಷ್ಮ ಝೇಂಕಾರವನ್ನೂ ಅಳಿಸಿಬಿಡುವವರಿದ್ದಾರೆ. ಶುದ್ಧೀಕರಣ ಬೇಕೆನಿಸಿದರೆ ಅದನ್ನು ನಕಲಿನ ಮೇಲೆ ನಡೆಸಲಿ. ಮೊದಲ ಪ್ರತಿ ಮಾತ್ರ, ಅಂತಾರಾಷ್ಟ್ರೀಯ ಧ್ವನಿಸಂಗ್ರಹಾಲಯಗಳ ಸಂಘವು ಕನಿಷ್ಠವೆಂದು ವಿಧಿಸಿರುವ 48 ಕಿಲೋಹರ್ಟ್ಜ್, 24 ಬಿಟ್ಟುಗಳಲ್ಲಿ, ಕುಗ್ಗಿಸದ ವೇವ್ ಫೈಲಾಗಿಯೇ ಉಳಿಯಲಿ. ತೊಂಬತ್ತು ನಿಮಿಷಗಳ ಕ್ಯಾಸೆಟ್ಟಿಗೆ ಇದರಿಂದ ತಗಲುವ ಸ್ಥಳ ಸುಮಾರು ಒಂದೂವರೆ ಗಿಗಾಬೈಟು. ಇಂದಿನ ಹಾರ್ಡ್ ಡಿಸ್ಕಿಗೆ ಇದೊಂದು ಭಾರವೇ ಅಲ್ಲ.

ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ತಾಳೆಯೋಲೆಗಳಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಗೋಚರಿಸಿತಷ್ಟೆ. ಓಲೆಯು ತನ್ನ ಓದುಗನಿಗಾಗಿ ತಲೆಮಾರುಗಳ ಕಾಲ ಕಾಯಬಲ್ಲುದು, ಓದಲು ಕಣ್ಣೂ ಲಿಪಿಜ್ಞಾನವೂ ಇದ್ದರೆ ಸಾಕು. ಧ್ವನಿಸುರುಳಿಯಾದರೋ ತಾನು ಶಿಥಿಲವಾಗುವುದಲ್ಲದೆ, ತನ್ನನ್ನು ಓದುವ ಯಂತ್ರವನ್ನೂ ಬೇಡುತ್ತದೆ. ಉತ್ತಮ ದರ್ಜೆಯ ಕ್ಯಾಸೆಟ್ ಡೆಕ್ಕುಗಳ ತಯಾರಿಕೆ ಬಹುಮಟ್ಟಿಗೆ ನಿಂತುಹೋಗಿದೆ. ಟೇಪುಗಳನ್ನು ನುಡಿಸುವ ಸೌಲಭ್ಯ 2025ರ ಸುಮಾರಿಗೆ ದುರ್ಲಭವಾಗಲಿದೆಯೆಂದು ಯುನೆಸ್ಕೋವೂ ಮೇಲೆ ಹೇಳಿದ ಧ್ವನಿಸಂಗ್ರಹಾಲಯಗಳ ಸಂಘವೂ 2019ರಲ್ಲಿಯೇ ಜಗತ್ತನ್ನು ಎಚ್ಚರಿಸಿದ್ದವು. ಹಾಡಿದವರಾರು, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಎಂದು ಧ್ವನಿ ಕೇಳಿಯೇ ಹೇಳಬಲ್ಲ ಹಿರಿಯರೂ ವಿರಳರಾಗುತ್ತಿದ್ದಾರೆ.

ಆದಕಾರಣ ಪ್ರತಿಯೊಂದು ತಾಲ್ಲೂಕಿನ ಗ್ರಂಥಾಲಯದಲ್ಲೋ, ಕಾಲೇಜಿನ ಕನ್ನಡ ವಿಭಾಗದಲ್ಲೋ ಸುಸ್ಥಿತಿಯಲ್ಲಿರುವ ಒಂದು ಡೆಕ್ಕು, ಒಂದು ಇಂಟರ್‌ಫೇಸು, ಹೆಡ್ಡನ್ನು ಶುಚಿಗೊಳಿಸಿ ಅದರ ಕೋನವನ್ನು ಸರಿಪಡಿಸಬಲ್ಲ ಒಬ್ಬ ತರಬೇತುಗೊಂಡ ವ್ಯಕ್ತಿ, ಇಷ್ಟನ್ನು ಸರ್ಕಾರವೂ ಸಾಹಿತ್ಯ ಪರಿಷತ್ತಿನಂತಹ ಸಂಸ್ಥೆಗಳೂ ಒದಗಿಸಬೇಕು. ಮನೆಯಲ್ಲಿಯೇ ಈ ಕೆಲಸಕ್ಕೆ ತೊಡಗಿರುವ ಉತ್ಸಾಹಿಗಳು ಪ್ರತಿಯೊಂದು ಫೈಲಿನೊಡನೆ ಅದರ ವಿವರವನ್ನೂ ಬಳಸಿದ ಯಂತ್ರವನ್ನೂ ಬರೆದಿಡಬೇಕು. ಆದ ಪ್ರತಿಯನ್ನು ಆದ್ಯಂತವಾಗಿ ಕೇಳಿದ ಹೊರತು ಕೆಲಸ ಮುಗಿಯಿತೆನ್ನಬಾರದು. ಸವೆದ ಸುರುಳಿಯೊಂದು ಚೆನ್ನಾಗಿ ನುಡಿಯುವ ಅವಕಾಶ ಇನ್ನೊಂದೇ ಸಲ ಇರಬಹುದಾದುದರಿಂದ, ಆ ಒಂದು ಸಲವನ್ನು ಅವಸರಕ್ಕೆ ಬಲಿಕೊಡುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.