ಎಕ್ಕದ ಹೂವು ಗಣಪನಿಗೆ, ಅರಳೆ ಕೆರೆಗೆ

ಕುರುಡುಮಲೆ, ಮುಳಬಾಗಿಲು ಸುತ್ತಿನ ಗ್ಯಾರೇಜಿನವರೇ, ಟ್ರ್ಯಾಕ್ಟರ್ ಇಟ್ಟಿರುವ ರೈತರೇ, ಬೋರ್‌ವೆಲ್ ಲಾರಿಯವರೇ,

2017ರ ಜನವರಿ 28ರಂದು ಚೆನ್ನೈ ಪಕ್ಕದ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾಗಿ ಸಮುದ್ರಕ್ಕೆ ಎಣ್ಣೆ ಚೆಲ್ಲಿತು. ಜನ ಬಕೆಟಿನಲ್ಲಿ ಕಪ್ಪು ರಾಡಿ ಮೊಗೆಯುವುದನ್ನು ಟಿವಿಯಲ್ಲಿ ನೋಡಿ ಅಯ್ಯೋ ಅಂದೆವು. ಗಾಡಿಯ ಹಳೇ ಆಯಿಲನ್ನು ಮೋರಿಗೆ ಬಗ್ಗಿಸುವಾಗ ಮಾತ್ರ ಆ ಅಯ್ಯೋ ಬಾಯಿಗೆ ಬರುವುದಿಲ್ಲ. ನಮಗೆ ಸಮುದ್ರವಿಲ್ಲ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಇರುವುದು ಕೆರೆ, ಕುಂಟೆ. ಮೋರಿಯ ಕೊಳೆ ಮೊದಲ ಮಳೆಗೆ ಹೋಗಿ ಸೇರುವುದು ಅಲ್ಲಿಗೇ. ಒಂದು ಲೀಟರ್ ಹಳೇ ಆಯಿಲ್ ಹತ್ತು ಲಕ್ಷ ಲೀಟರ್ ನೀರು ಕೆಡಿಸಬಲ್ಲದು.

ನೀರನ್ನು ಬಿಟ್ಟು ಎಣ್ಣೆಯನ್ನಷ್ಟೇ ಹೀರುವ ಸ್ಪಂಜುಗಳು ಬಂದಿವೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯ 2017ರಲ್ಲೇ ಒಂದನ್ನು ತೋರಿಸಿತು: ಕುರ್ಚಿ ಮೆತ್ತೆಯ ಫೋಮು, ಅದಕ್ಕೆ ಎಣ್ಣೆ ಹಿಡಿಯುವ ಲೇಪ. ಹಿಂಡಿ ಮತ್ತೆ ಬಳಸಬಹುದು. ಅದು ನಮ್ಮೂರ ಅಂಗಡಿಗೆ ಬರಲಿ ಎಂದು ಕಾಯಬೇಕೇ? ಗಣಪನ ಹಾರಕ್ಕೆ ಕೀಳುವ ಎಕ್ಕವನ್ನೇ ನೋಡಿ. ಕಾಯಿ ಬಿರಿದಾಗ ಗಾಳಿಗೆ ಹಾರುವ ಅರಳೆಯ ಎಳೆ ಒಳಗೆ ಟೊಳ್ಳು, ಮೇಲೆ ಮೇಣ. ನೀರು ಜಾರುತ್ತದೆ, ಎಣ್ಣೆ ಒಳಗಿಳಿಯುತ್ತದೆ. ನಂಬಿಕೆ ಬಾರದಿದ್ದರೆ ಬೋಗುಣಿ ನೀರಿಗೆ ಒಂದು ಚಮಚ ಹಳೇ ಆಯಿಲ್ ಬಿಟ್ಟು ಚಿಟಿಕೆ ಅರಳೆ ಹಾಕಿ ನೋಡಿ.

ನಾವು ಕೇಳುವುದು ಇಷ್ಟೇ. ಬೀಜ ತೆಗೆದ ಅರಳೆಯನ್ನು ಸೊಳ್ಳೆಪರದೆಯ ಚೀಲಕ್ಕೆ ತುಂಬಿ, ನೀರಿನ ಮೇಲೆ ತೇಲುವಂತೆ ಮೋರಿಯ ಬಾಯಿಗೆ ಅಡ್ಡ ಕಟ್ಟಿ. ಸೋಪಿನ ಪುಡಿ ಹಾಕಿ ನೆಲ ತೊಳೆಯಬೇಡಿ. ಸೋಪು ಎಣ್ಣೆಯನ್ನು ನೀರಿನಲ್ಲಿ ಕದಡಿಬಿಟ್ಟರೆ ಯಾವ ಸ್ಪಂಜಿಗೂ ಅದು ಸರಿಯಾಗಿ ಸಿಗದು. ಚೀಲವೇನೂ ಪವಾಡವಲ್ಲ, ತೇಲುವ ಎಣ್ಣೆಗಷ್ಟೇ ಅದರ ಆಟ. ಹಾಗಾಗಿ ಡಬ್ಬದಷ್ಟು ಆಯಿಲ್ ಸುರಿದು ಚೀಲದ ಮೇಲೆ ಭಾರ ಹಾಕಬೇಡಿ. 2016ರ ನಿಯಮದ ಪ್ರಕಾರ ಹಳೇ ಆಯಿಲ್ ಅಪಾಯಕಾರಿ ತ್ಯಾಜ್ಯ. ಪರವಾನಗಿ ಇರುವ ಮರುಸಂಸ್ಕರಣೆಯವರಿಗೇ ಸೇರಬೇಕು. ಎಣ್ಣೆ ಕುಡಿದ ಅರಳೆಯನ್ನೂ ತಿಪ್ಪೆಗೆ ಎಸೆಯಬೇಡಿ, ಒಲೆಗೆ ಹಾಕಬೇಡಿ. ಇದನ್ನೆಲ್ಲ ಕೂಡಿಡಲು ಪಂಚಾಯಿತಿ ಒಂದು ಮುಚ್ಚಳವಿರುವ ಡ್ರಮ್ ಇಡಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಡ್ರಮ್ಮಿನ ಮಾತೆತ್ತಿ.

ಎಚ್ಚರಿಕೆ: ಎಕ್ಕದ ಹಾಲು ಕಣ್ಣಿಗೆ ಕೇಡು. ಕಾಯಿ ಗಿಡದಲ್ಲೇ ಒಣಗಿ ಬಿರಿಯುವಾಗ ಬಿಡಿಸಿ. ಮಕ್ಕಳ ಕೈಲಿ ಈ ಕೆಲಸ ಬೇಡ.